ಅಮಾವಾಸ್ಯೆ ಹುಳದ ದಫ್ತರ

ಮನುಷ್ಯನ ಬದುಕು ಕ್ಷಣಿಕ, ಅವನು ಬರೆದಿಟ್ಟ ಅಕ್ಷರವೊಂದೇ ಶಾಶ್ವತ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರು ನಮ್ಮ ಶಿರಸಿಯ ಗೆದ್ದಲನ್ನು ನೋಡಿರಲಿಕ್ಕಿಲ್ಲ.

ಆದರೂ ನನ್ನ ಸೋದರಮಾವ ಬರೆದಿಟ್ಟ. ಕಾವ್ಯವನ್ನಲ್ಲ, ವಂಶಾವಳಿಯನ್ನಲ್ಲ, ಹುಳವನ್ನು. ಬೆರಳಗೆಣ್ಣಿನಷ್ಟು ಉದ್ದದ, ಮೈತುಂಬ ಬಿರುಗೂದಲಿನ, ಒಂದೇ ಒಂದು ಜಾತಿಯ ಕಡಲ ಹುಳವನ್ನು. ಅದೂ ಎಲ್ಲಿ ಕುಳಿತು? ಕಡಲು ಕಾಣಬೇಕಾದರೆ ಘಟ್ಟ ಇಳಿಯುವ ಬಸ್ಸಿನಲ್ಲಿ ಅರ್ಧ ದಿನ ಕುಲುಕಬೇಕಾದ ಶಿರಸಿಯಲ್ಲಿ!

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ಭೂತಪ್ರೇತಗಳನ್ನು ಎಳ್ಳಷ್ಟೂ ನಂಬದ ಮನುಷ್ಯ ಒಬ್ಬನಿದ್ದರೆ ಅವನು ನನ್ನ ಮಾವ. ಅದೇ ಮೂರು ತಾಲೂಕಿನಲ್ಲಿ ಅತಿ ಹೆಚ್ಚು ಭೂತಗಳನ್ನು ಬಾಟ್ಲಿಯಲ್ಲಿ ಇಟ್ಟುಕೊಂಡವನೆಂದು ಹೆಸರಾದವನೂ ಅವನೇ. ಎರಡು ಕೀರ್ತಿಗಳು ಒಬ್ಬನಿಗೇ ಒದಗುವುದು ಅಪರೂಪ, ಮಾವನಿಗೆ ಒದಗಿದವು.

ಆಗ ನಾನು ಶಿರಸಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಮಾವನ ಬಾಡಿಗೆ ಮನೆಯ ಹೊರಕೋಣೆ ನನ್ನ ವಾಸಸ್ಥಾನ. ಆ ಕೋಣೆಯ ಉಳಿದ ನಿವಾಸಿಗಳು ಮಾವನ ಹುಳಗಳು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಅರಿಷ್ಟ ಔಷಧದ ಹಳೆಯ ಬಾಟ್ಲಿಗಳು, ಬಾಟ್ಲಿಯೊಳಗೆ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ನಿದ್ರಿಸುವ ಬಿಳಿ ಎಳೆಯಂಥ ಒಂದೊಂದು ಹುಳ, ಬಾಯಿಗೆ ಜೇನುಮೇಣದ ಮುದ್ರೆ. ಪ್ರತಿ ಬಾಟ್ಲಿಗೂ ಚೀಟಿ: ನಂಬರು, ಸಿಕ್ಕ ಊರು, ಸಿಕ್ಕ ದಿನ, ಉದ್ದ, ಬಣ್ಣ, ಎಷ್ಟು ಆಳದಲ್ಲಿ, ಎಂಥ ನೆಲದಲ್ಲಿ, ಸಂಗ್ರಹಿಸಿದವರು ಯಾರು. ಅದನ್ನೆಲ್ಲ ಮಾವ ಒಂದು ದಪ್ಪ ಪುಸ್ತಕದಲ್ಲೂ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದ. ಅದಕ್ಕೆ ದಫ್ತರವೆಂದು ಹೆಸರು. ಹುಳದ ಲ್ಯಾಟಿನ್ ಹೆಸರು ಹುಳಕ್ಕಿಂತ ಉದ್ದವಿದ್ದುದರಿಂದ ಚೀಟಿಯಲ್ಲಿ ಅದು ಮಡಚಿಕೊಂಡು ಎರಡನೆಯ ಸಾಲಿಗೆ ಬರುತ್ತಿತ್ತು.

ಈ ಹುಳ ದೂರದ ಯಾವುದೋ ಕಡಲುಗಳಲ್ಲಿ ಇದೆಯೆಂದು ಪುಸ್ತಕಗಳು ಒಪ್ಪಿದ್ದವು. ನಮ್ಮ ಕರಾವಳಿಯಲ್ಲಿ ಇದೆಯೆಂದು ಯಾರೂ ಬರೆದಿರಲಿಲ್ಲ. ಮಾವನಿಗೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಅದು ಸಿಕ್ಕಿತು. ದೂರದ ಪಟ್ಟಣವೊಂದರ ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದ. ಅಲ್ಲಿಯ ಪಂಡಿತರು, "ಒಂದು ಹುಳ ಯಾವುದೋ ಹಡಗಿನ ತಳಕ್ಕೆ ಅಂಟಿಕೊಂಡು ಬಂದಿರಬಹುದು. ಕೆಲವು ವರ್ಷ ಕ್ರಮವಾಗಿ ದಾಖಲೆ ಇಡಿ, ಆಮೇಲೆ ನೋಡೋಣ" ಎಂದು ಉತ್ತರಿಸಿದರು. ತಪ್ಪಿಸಿಕೊಳ್ಳುವುದಕ್ಕೆ ಹಾಗೆ ಬರೆದಿದ್ದರೋ ಏನೋ! ಮಾವ ನಿಜವಾಗಿಯೂ ದಾಖಲೆ ಇಡಲು ಹೊರಟ.

ತೊಂದರೆ ಶುರುವಾದದ್ದು ಪಂಚಾಂಗದಿಂದ. ಕಡಲು ಬಹಳ ದೂರ ಹಿಂದೆ ಸರಿಯುವುದು ಅಮಾವಾಸ್ಯೆ, ಹುಣ್ಣಿಮೆಗಳಂದು. ಹುಳ ಮೇಲೇಳುವುದು ಅಮಾವಾಸ್ಯೆಯ ಸಂಜೆ. ಹಾಗಾಗಿ ಮಾವ ಪ್ರತಿ ಅಮಾವಾಸ್ಯೆ ರಜೆ ಹಾಕಿ, ಖಾಲಿ ಬಾಟ್ಲಿಗಳ ಚೀಲ ಹೆಗಲಿಗೇರಿಸಿ ಘಟ್ಟ ಇಳಿಯುತ್ತಿದ್ದ. ಮರುದಿನ ತುಂಬಿದ ಬಾಟ್ಲಿಗಳಿಗೆ ಮೇಣದ ಮುದ್ರೆ ಒತ್ತಿ ಹತ್ತಿ ಬರುತ್ತಿದ್ದ. ಅಮಾವಾಸ್ಯೆ, ಬಾಟ್ಲಿ, ಮೇಣದ ಮುದ್ರೆ! ಭೂತವನ್ನು ಬಾಟ್ಲಿಯಲ್ಲಿ ಕಟ್ಟಿಸುವುದು ಮನೆಮನೆಗೂ ಗೊತ್ತಿದ್ದ ನಮ್ಮ ಸೀಮೆಯಲ್ಲಿ ಜನ ಇನ್ನೇನು ತಿಳಿಯಬೇಕಿತ್ತು, ನೀವೇ ಹೇಳಿ.

ಬಸ್ಸಿನ ಕಂಡಕ್ಟರ್ ಒಮ್ಮೆ ಸಹಜವಾಗಿ ಕೇಳಿದ್ದ. "ಮಾಸ್ತರ್ರೇ, ಬಾಟ್ಲಿ ಒಳಗೆ ಎಂತ?"

ಮಾವ ಸುಳ್ಳು ಹೇಳುವವನಲ್ಲ. "ಸತ್ತದ್ದು."

"ಎಷ್ಟು?"

"ಇವತ್ತು ಮೂರು."

ಬಸ್ಸು ಘಟ್ಟ ಹತ್ತಿ ಮುಗಿಸುವವರೆಗೂ ಒಳಗೆ ಯಾರೂ ಕೆಮ್ಮಲಿಲ್ಲ. ಅಂದಿನಿಂದ ಮಾವನಿಗೆ ಆ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ಪ್ರಸಂಗವೇ ಬರಲಿಲ್ಲ. ಮುಂದೆ ಒಂದು ಸಾಲು, ಹಿಂದೆ ಒಂದು ಸಾಲು ತಾವಾಗಿ ತೆರವಾಗುತ್ತಿದ್ದವು.

ಒಂದು ಅಮಾವಾಸ್ಯೆಗೆ ನಾನೂ ಜೊತೆಗೆ ಹೋದೆ. ಹೋಗಬಾರದಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಕಡಲು ಕಣ್ಣಿಗೆ ಕಾಣದಷ್ಟು ದೂರ ಸರಿದಿತ್ತು. ಉಳಿದದ್ದು ಬರಿಯ ಕೆಸರು, ಸೀಸದ ಬಣ್ಣದ್ದು, ಮೊಣಕಾಲಮಟ. ಗಾಳಿ ಇಲ್ಲ, ಹಕ್ಕಿ ಇಲ್ಲ. ಆದರೆ ಸದ್ದು ಇತ್ತು. ಕಾಲಡಿಯ ನೆಲವೇ ಚಿಟ್ ಚಿಟ್ ಎನ್ನುತ್ತಿತ್ತು. ಸಾವಿರಾರು ಸಣ್ಣ ಬಾಯಿಗಳು ತೆರೆದು ಮುಚ್ಚಿದ ಹಾಗೆ. ಹಿಂದೆ ತಿರುಗಿ ನೋಡಿದರೆ ನಾವು ಬಂದ ಹೆಜ್ಜೆಗಳು ಒಂದೊಂದಾಗಿ ತಾವೇ ಮುಚ್ಚಿಕೊಳ್ಳುತ್ತಿದ್ದವು. ನಾವು ಅಲ್ಲಿಗೆ ನಡೆದುಬಂದೆವೆಂಬುದಕ್ಕೆ ಸ್ವಲ್ಪ ಹೊತ್ತಿನಲ್ಲಿ ಸಾಕ್ಷಿಯೇ ಇರಲಿಲ್ಲ.

"ಮಾವಾ, ಹೋಪನ" ಎಂದೆ.

"ಸುಮ್ನಿರು. ಈಗ ಮೇಲೆ ಬತ್ತು."

ಕೆಸರಿನ ಮೇಲೆ ಹೊಟ್ಟೆ ಹಾಸಿ ಮಲಗಿದ್ದ ಮಾವ, ಬಾಟ್ಲಿಯೊಂದನ್ನು ಎತ್ತಿ ಮಾಸಿದ ಬೆಳಕಿಗೆ ಹಿಡಿದ. ಒಳಗೆ ಹುಳ ಎರಡು ತುಂಡಾಗುತ್ತಿತ್ತು. ಹಿಂದಿನ ತುಂಡಿಗೆ ಎರಡು ಕೆಂಪು ಕಣ್ಣು ಮೂಡಿದ್ದವು. ಅದು ಕಳಚಿಕೊಂಡು, ಒಂದು ಸುತ್ತು ಈಜಿ, ನನ್ನ ಕಡೆಗೆ ತಿರುಗಿ ನಿಂತಿತು.

"ಇದು ಬಾಲ" ಎಂದ ಮಾವ, ಪಾಠದ ಧ್ವನಿಯಲ್ಲಿ. "ಅಮಾವಾಸ್ಯೆ ಬಂದ್ರೆ ಬಾಲಕ್ಕೂ ಕಣ್ಣು ಬತ್ತು. ಕಳಚಿ ಹೋಗ್ತು. ತಲೆ ಅಲ್ಲೇ ಕೆಳಗೆ ಉಳೀತು."

"ಬಾಲ ನನ್ನನ್ನೇ ನೋಡ್ತಾ ಇದ್ದಲಾ ಮಾವಾ!"

"ನೋಡ್ಲಿ. ನೀ ಅದನ್ನ ನೋಡ್ತಾ ಇದ್ದೆ, ಅದು ಎಂತಾರೂ ಹೇಳ್ತಾ?"

ದೂರದಲ್ಲಿ ಬಲೆ ಹೊತ್ತು ಬರುತ್ತಿದ್ದ ಮೀನುಗಾರನೊಬ್ಬ ಕೆಸರಿನ ನಡುವೆ ಬಾಟ್ಲಿಯೊಡನೆ ಮಾತಾಡುವ ಇಬ್ಬರನ್ನು ಕಂಡ. ಕೈ ಮುಗಿದ. ಬೇರೆ ದಾರಿ ಹಿಡಿದ.

ಐವತ್ತಾರರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಊರೆಲ್ಲ ಸಂಭ್ರಮ. ಮಾವನಿಗೆ ಮಾತ್ರ ಧರ್ಮಸಂಕಟ: ಹಳೆಯ ಹುಳಗಳ ಚೀಟಿಯಲ್ಲಿ ಮುಂಬೈ ರಾಜ್ಯವೆಂದಿದೆ, ಹೊಸದಕ್ಕೆ ಮೈಸೂರು, ಒಂದೇ ಕೆಸರು, ಒಂದೇ ಹುಳ, ಎರಡು ರಾಜ್ಯ! ತಿದ್ದೋಣವೆಂದರೆ ಸಿಕ್ಕ ದಿನ ಅದು ಮುಂಬೈಯೇ ಆಗಿತ್ತಲ್ಲ? ಮೂರು ದಿನ ಊಟ ಸೇರಲಿಲ್ಲ. ಕೊನೆಗೆ ತಿದ್ದಲಿಲ್ಲ. ದಫ್ತರದಲ್ಲಿ ಒಮ್ಮೆ ಬರೆದದ್ದನ್ನು, ಅದು ತಪ್ಪಲ್ಲದ ಮೇಲೆ, ಮುಟ್ಟಬಾರದು ಎಂಬ ಅವನ ಕಾನೂನು ಹುಟ್ಟಿದ್ದು ಆಗಲೇ.

ಅತ್ತೆ ಗಂಡನ ಹತ್ತಿರ ನೇರವಾಗಿ ಮಾತಾಡುವವಳಲ್ಲ. ಹೇಳುವುದನ್ನೆಲ್ಲ ನನ್ನ ಕಡೆ ನೋಡಿ ಹೇಳುತ್ತಿದ್ದಳು. "ನಿನ್ನ ಮಾವಂಗೆ ಹೇಳು. ಹುಳಕ್ಕೆ ಇಲ್ದೇ ಇದ್ದ ಚಿಂತೆ ಇವ್ರಿಗೆಂತಕ್ಕೆ? ಆನೂ ಮುಂಬೈ ರಾಜ್ಯದಾಗೇ ಮದುವೆ ಆದವಳು. ಯನ್ನ ಚೀಟಿ ಯಾರೂ ನೋಡಿದ್ವಿಲ್ಲೆ."

ಹೊರಕೋಣೆಯ ಮಧ್ಯಾಹ್ನಗಳ ಬಗ್ಗೆ ಒಂದು ಮಾತು ಹೇಳಬೇಕು. ಭಾನುವಾರ, ಎಲ್ಲರೂ ಉಂಡು ಅಡ್ಡಾದ ಮೇಲೆ, ಬೀದಿ ಸತ್ತಂತೆ ಬಿದ್ದಿರುವಾಗ, ಬಾಟ್ಲಿಗಳೊಳಗಿನ ಬಿಳಿ ಎಳೆಗಳು ಒಟ್ಟಿಗೆ ಮಿಸುಕುತ್ತಿದ್ದವು. ಮೆಲ್ಲಗೆ ಎದ್ದು, ಅರ್ಧ ಸುತ್ತು ತಿರುಗಿ, ಮತ್ತೆ ಕೂರುತ್ತಿದ್ದವು. ರಸ್ತೆಯಲ್ಲಿ ಲಾರಿ ಹೋದರೆ ಗೋಡೆ ಅದುರುತ್ತದೆ, ಗೋಡೆ ಅದುರಿದರೆ ಹಲಗೆ ಅದುರುತ್ತದೆ ಎಂದು ಮಾವ ವಿವರಿಸಿದ್ದ. ಸಂಪೂರ್ಣ ಸಮಾಧಾನಕರವಾದ ವಿವರಣೆ. ಲಾರಿ ಹೋಗದಿದ್ದ ಭಾನುವಾರಗಳಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಅಂಥ ದಿನ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಬೆನ್ನಿಗೆ ಕಣ್ಣಿಲ್ಲದಿರುವುದು ಎಷ್ಟು ಒಳ್ಳೆಯದು ಎಂದು ಆಗ ತಿಳಿಯಿತು.

ಗಿರಾಕಿಗಳು ಬರತೊಡಗಿದರು. ಮೊದಲು ಬಂದವ ಸಿದ್ದಾಪುರ ತಾಲೂಕಿನ ಕಾನಸೂರಿನವ, ಕೈಯಲ್ಲಿ ತೆಂಗಿನಕಾಯಿ. "ಅಯ್ಯಾ, ನಮ್ಮ ಕೊಟ್ಟಿಗೆ ಹಿಂದೆ ಒಂದು ಅದೆ. ದನ ಬೆದರ್ತವೆ. ನಿಮ್ಮ ಹಲಗೆ ಮೇಲೆ ಒಂದು ಬಾಟ್ಲಿಗೆ ಜಾಗ ಆಯ್ತದಾ?"

ಮಾವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವನು ಬೈಯುವುದಿಲ್ಲ, ಪಾಠ ಮಾಡುತ್ತಾನೆ. ಒಂದು ತಾಸು, ಹುಳದ ಲ್ಯಾಟಿನ್ ಹೆಸರಿನಿಂದ ಹಿಡಿದು ಮೈಯ ಉಂಗುರಗಳು, ಬಿರುಗೂದಲ ವಿಧಗಳು, ಬಾಲದ ಕಣ್ಣಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಬಂದವ ಕೈ ಕಟ್ಟಿ, ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಅಡ್ಡಬಿದ್ದು ಎದ್ದು, "ಮಂತ್ರ ಬಾಳ ಉದ್ದ ಅದೆ" ಎಂದು ಕಾಯಿ ಇಟ್ಟು ಹೋದ. ವಾರದೊಳಗೆ ಸುದ್ದಿ ಬಂತು: ದನ ಬೆದರುವುದು ನಿಂತಿದೆ! ಮಾವ ಅಂದು ತನ್ನ ತಲೆಯನ್ನು ಗೋಡೆಗೆ ಮೆಲ್ಲಗೆ ಎರಡು ಸಲ ಬಡಿದುಕೊಂಡ. ಬಾಟ್ಲಿಗಳು ಮಿಸುಕಿದವು.

ಅರವತ್ತರ ದಶಕ ಬಂತು. ಬರಿಗೈಯಲ್ಲಿ ಬಂದ ಅಮಾವಾಸ್ಯೆಗಳೇ ಹೆಚ್ಚಾದರೂ ದಫ್ತರದಲ್ಲಿ ಅರವತ್ತು ನಂಬರುಗಳಾದವು. ಮಾವನ ನಿವೃತ್ತಿಗೆ ಒಂದು ವರ್ಷವಿತ್ತು. ಆಗ ಸಂಗ್ರಹಾಲಯದಿಂದ ಪತ್ರ ಬಂತು: ಮೂಲ ದಫ್ತರವನ್ನೂ ಎಲ್ಲ ಬಾಟ್ಲಿಗಳನ್ನೂ ಕಳಿಸಿ. ಪ್ರತಿ ನಂಬರಿಗೆ ಬಾಟ್ಲಿ ಇರಬೇಕು, ಪ್ರತಿ ಬಾಟ್ಲಿಗೆ ಹುಳ ಇರಬೇಕು, ಹೊಡೆದುಹಾಕಿದ ಸಾಲು ಇರಬಾರದು. ಸರಿಯಿದ್ದರೆ ಈ ಕರಾವಳಿಯ ಮೊದಲ ದಾಖಲೆಯೆಂದು ಮಾವನ ಹೆಸರಿನೊಂದಿಗೆ ಅಚ್ಚಾಗುತ್ತದೆ.

ಮಾವ ಆ ಪತ್ರವನ್ನು ಅಂದು ಹನ್ನೊಂದು ಸಲ ಓದಿದ. ಅತ್ತೆ ನನ್ನ ಕಡೆ ನೋಡಿ, "ಆನು ಹುಳ ಆಗಿ ಹುಟ್ಟಿದ್ರೆ ಯಂಗೂ ಒಂದು ನಂಬರು ಸಿಕ್ತಿತ್ತು" ಎಂದಳು. ಆದರೆ ಮರದ ಪೆಟ್ಟಿಗೆ ತರಿಸಿದವಳೂ ಬಾಟ್ಲಿ ಒಡೆಯದ ಹಾಗೆ ಭತ್ತದ ಹೊಟ್ಟು ತುಂಬಿದವಳೂ ಅವಳೇ.

ಪೆಟ್ಟಿಗೆಗೆ ಮೊಳೆ ಹೊಡೆಯಬೇಕಾದ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಎಕ್ಕಂಬಿಯವಳು. ಮೂವತ್ತರ ಆಸುಪಾಸು. ಕೈಯಲ್ಲಿ ತೆಂಗಿನಕಾಯಿ ಇರಲಿಲ್ಲ.

ಮಾವ ಬಾಗಿಲಲ್ಲೇ ತಡೆದ. "ನಾನು ಭೂತ ಕಟ್ಟುವವನಲ್ಲ ತಾಯೀ. ಇವು ಹುಳ."

"ಗೊತ್ತೈತ್ರಿ. ಹುಳ ಅಂತ ಗೊತ್ತಿದ್ದೇ ಬಂದೇನ್ರಿ. ನನ್ನ ತಮ್ಮ ನಿಮ್ಮ ಕೈಯಾಗ ಕಲ್ತಾನ, ಅಂವ ಹೇಳ್ಯಾನ." ಅವಳು ಹೊಸ್ತಿಲ ಹೊರಗೇ ಕುಳಿತಳು. "ನನ್ನ ಕೂಸು ಒಂಬತ್ತು ದಿನ ಇತ್ರಿ. ತೊಟ್ಟಲದಾಗ ಹಾಕಿ ಹೆಸರ ಇಡೂದರಾಗ ಹೋತು. ಹೆಸರಿಲ್ಲದ್ದಕ್ಕ ದಿನಾನೂ ಇಲ್ಲ, ಎಡೀನೂ ಇಲ್ಲ ಅಂತಾರ. ಮಕ್ಕಳೆಷ್ಟು ಅಂತ ಯಾರರ ಕೇಳಿದ್ರ ನಮ್ಮ ಮನಿಯವ್ರು ಎರಡು ಅಂತಾರ್ರಿ. ನನ್ನ ಬಾಯಾಗ ಮೂರು ಅಂತ ಬರ್ತೈತಿ, ನುಂಗಿಕೊಂತೀನಿ. ಇಷ್ಟಿಷ್ಟು ಹುಳಕ್ಕ ನೀವು ನಂಬರ ಹಾಕಿ, ಊರು ಬರದು, ದಿನ ಬರದು ಇಟ್ಟೀರಂತ. ನಂದೂ ಒಂದು ಬರೀರಿ."

ಮಾವ ಪೆಟ್ಟಿಗೆಯ ಕಡೆ ನೋಡಿದ. ದಫ್ತರ ಅದರ ಮೇಲೇ ಇತ್ತು. ಅದನ್ನು ಕೈಗೆತ್ತಿಕೊಂಡ. ಆಮೇಲೆ ಹೊಸ್ತಿಲ ಒಳಗೆ ಅವಳೆದುರು ಕುಳಿತು ಪೆನ್ನಿನ ಟೊಪ್ಪಿ ತೆಗೆದ.

"ಊರು?"

"ಎಕ್ಕಂಬಿರಿ."

"ಗಂಡೋ ಹೆಣ್ಣೋ?"

"ಹೆಣ್ಣರೀ."

"ಬಣ್ಣ?"

"ಗೋದಿ ಬಣ್ಣರೀ. ಕಿವಿ ತುದಿ ಅಷ್ಟು ಕಪ್ಪಿತ್ತು."

"ಉದ್ದ?"

ಅವಳು ಎರಡು ಕೈಗಳನ್ನು ಗಾಳಿಯಲ್ಲಿ ಹಿಡಿದಳು. ನಡುವೆ ಏನೂ ಇರಲಿಲ್ಲ. ಆದರೆ ಆ ಕೈಗಳು ಏನೋ ಭಾರ ಹೊತ್ತ ಹಾಗೆ ತುಸು ಕೆಳಗೆ ಜಗ್ಗಿದ್ದವು. ಮಾವ ಹುಳ ಅಳೆಯುವ ಪಟ್ಟಿ ತೆಗೆದು, ಒಂದು ಅಂಗೈಯಿಂದ ಇನ್ನೊಂದು ಅಂಗೈಯವರೆಗೆ, ಎರಡೆರಡು ಸಲ ಸರಿನೋಡಿ ಅಳೆದ. ಬರೆದುಕೊಂಡ.

"ನೆಲ?"

"ಕೆಂಪು ಮಣ್ಣರೀ. ಬೇಲಿ ಮಗ್ಗಲಕ್ಕ."

"ಆಳ?"

"ಮೊಣಕಾಲಮಟ."

ಕೂಸಿನ ದಿನವನ್ನೂ ಮಾವ ಕೇಳಿ ಬರೆದ. ಸಂಗ್ರಹಿಸಿದವರು ಎಂಬಲ್ಲಿ ಮಾತ್ರ ಕೇಳದೆಯೇ ತಾಯಿ ಎಂದು ಬರೆದ. ಹೆಸರಿನ ಜಾಗದಲ್ಲಿ, ಗುರುತು ಹತ್ತದ ಹುಳಗಳಿಗೆ ಪಂಡಿತರು ಬರೆಯುವ ರೂಢಿಯ ಮಾತನ್ನೇ ಬರೆದ: ಹೆಸರು ಇಡಬೇಕಾಗಿದೆ. ಬರೆದದ್ದೆಲ್ಲವನ್ನೂ ಅವಳಿಗೆ ಕನ್ನಡದಲ್ಲಿ ಓದಿ ಹೇಳಿದ. ಆಮೇಲೆ ಒಂದು ಬಾಟ್ಲಿ ತೊಳೆದು, ಸ್ಪಿರಿಟ್ಟು ತುಂಬಿ, ಮೇಣ ಒತ್ತಿ, ಚೀಟಿ ಅಂಟಿಸಿದ. ಅರವತ್ತೊಂದು. ಒಳಗೆ ಏನೂ ಇರಲಿಲ್ಲ. ನಾವೆಲ್ಲ ಅದನ್ನೇ ನೋಡುತ್ತಿದ್ದಾಗ, ಲಾರಿಯೂ ಇಲ್ಲದ ಹೊತ್ತಿನಲ್ಲಿ, ತಳದಿಂದ ಒಂದು ಸಣ್ಣ ಗುಳ್ಳೆ ಎದ್ದು ಮೇಲೆ ಬಂದು ಮೇಣದ ಕೆಳಗೆ ನಿಂತಿತು. ಮಾವ ವಿವರಣೆ ಕೊಡಲಿಲ್ಲ. ಅತ್ತೆ ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು.

ಅವಳು ಹೋದ ಮೇಲೆ ನಾನು ಬಾಯಿ ತೆರೆದೆ. "ಮಾವಾ, ಇದು ಮೂಲ ದಫ್ತರ. ನೋಡಿದವ್ರು ನಗ್ತ. ಎಲ್ಲಾ ಹಾಳಾಗ್ತು. ಆ ಸಾಲು ಹೊಡದುಹಾಕು."

"ಹೊಡೆದ ಸಾಲೂ ಇಪ್ಪಲಾಗ ಹೇಳಿ ಬರದ್ದ."

"ಹಾಂಗಾರೆ ಹಾಳೆ ಹರಿ. ಅವಳಿಗೆ ಬೇರೆ ಕಾಗದದ ಮೇಲೆ ಬರದು ಕೊಡ್ಲಕ್ಕು."

ಮಾವ ದಫ್ತರವನ್ನು ನನ್ನ ಕಡೆಗೆ ತಿರುಗಿಸಿದ. "ತಪ್ಪು ಎಲ್ಲಿದ್ದು ತೋರ್ಸು, ಹರೀತೆ. ಊರು ತಪ್ಪಾ? ದಿನ ತಪ್ಪಾ? ಉದ್ದ ತಪ್ಪಾ?"

ಅತ್ತೆ ಮೊದಲ ಸಲ ಗಂಡನ ಕಡೆಗೇ ನೋಡಿ ಮಾತಾಡಿದಳು. "ಕೊಡಿ ಇಲ್ಲಿ. ಆನು ಹೊಟ್ಟು ಸರಿಸಿ ಜಾಗ ಮಾಡ್ತೆ."

ಪೆಟ್ಟಿಗೆ ಹೋಯಿತು. ಮೂರು ತಿಂಗಳ ಮೇಲೆ ಉತ್ತರ ಬಂತು. ಅರವತ್ತೊಂದನೆಯ ಬಾಟ್ಲಿಯಲ್ಲಿ ಮಾದರಿ ಇಲ್ಲ. ಸಿಕ್ಕ ಸ್ಥಳ ಕಡಲಿನಿಂದ ಬಹು ದೂರ. ಕೊಟ್ಟ ಅಳತೆ ಈ ಜಾತಿಗೆ ಅಸಂಭವ. ಆದ್ದರಿಂದ ಇಡೀ ದಫ್ತರ ನಂಬಲರ್ಹವಲ್ಲ. ದಾಖಲೆ ಸ್ವೀಕೃತವಾಗಲಿಲ್ಲ. ದಫ್ತರವೂ ಅರವತ್ತೊಂದು ಬಾಟ್ಲಿಗಳೂ ಒಡೆಯದೆ ವಾಪಸು ಬಂದವು. ಮಾವ ಅರವತ್ತೊಂದನೆಯದನ್ನೂ ಸೇರಿಸಿ ಎಲ್ಲವನ್ನೂ ನಂಬರಿನ ಕ್ರಮದಲ್ಲೇ ಹಲಗೆಯ ಮೇಲೆ ಇಟ್ಟ, ದಫ್ತರದ ಒಂದು ಸಾಲನ್ನೂ ಮುಟ್ಟಲಿಲ್ಲ.