ಹಳದಿ ಟಾರ್ಚು ಮತ್ತು ಉದ್ದ ಕೂದಲು

ಎಲ್ಲಕ್ಕೂ ಕಾರಣ ಆ ಹಾಳು ಕಿಟಕಿ. ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಯ ಗುಮಾಸ್ತ ಕ್ರಾಂತಿಕುಮಾರನ ಕೋಣೆಯ ಕಿಟಕಿ ಪಕ್ಕದ ಮನೆಯ ಅಂಗಳಕ್ಕೆ ತೆರೆಯುತ್ತಿತ್ತು. ಅಲ್ಲಿ ಬಿ.ಎ. ಓದುವ ಲಕ್ಷ್ಮಿದೇವಿ ಮತ್ತವಳ ಗೆಳತಿಯರು ಪ್ರತಿ ಭಾನುವಾರ ಕೊರಿಯಾದ ಒಂದು ಹಾಡಿನ ತಂಡದ ಮೇಲೆ ಅಭಿಮಾನ ಸುರಿಸುತ್ತಿದ್ದರು. ಸೈಬರ್ ಸೆಂಟರಿನವನು ಸಿ.ಡಿ.ಗೆ ಹಾಕಿಕೊಟ್ಟ ಹಾಡು, ಎಲ್ಲರಿಗೂ ಒಂದೇ ಬಣ್ಣದ ಚೂಡಿದಾರ, ಕೈಯಲ್ಲಿ ಹಳದಿ ಕಾಗದ ಸುತ್ತಿದ ಟಾರ್ಚು. ಹಾಡಿನ ನಡುವೆ ಗಾಯಕರ ಹೆಸರುಗಳನ್ನು ಸರದಿ ತಪ್ಪದೆ ಕೂಗಬೇಕು. ಒಬ್ಬಳು ತಪ್ಪಿದರೆ ಮತ್ತೆ ಮೊದಲಿಂದ.

ಕ್ರಾಂತಿಯದು ಇಂಗ್ಲಿಷ್ ರಾಕ್ ಸಂಗೀತ. ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿ, ಹೆಗಲವರೆಗಿನ ಕೂದಲನ್ನು ಒಬ್ಬನೇ ಕೊಡವುವುದು ಅವನ ಅಭಿಮಾನದ ರೀತಿ. ತನ್ನ ಮೆಚ್ಚಿನ ಗಾಯಕ ಹುಟ್ಟಿದ ದಿನ ಯಾವುದೆಂದು ಕೂಡ ಅವನಿಗೆ ಗೊತ್ತಿರಲಿಲ್ಲ. ವಾರಕ್ಕೆ ಸಿಗುವ ಒಂದೇ ರಜೆ ಈ ಕೂಗಿನಲ್ಲಿ ಹಾಳಾಗುವುದು ಪಾಪದವನಿಗೆ ನಿಜಕ್ಕೂ ಸಂಕಟವಾಗಿತ್ತು.

ಆ ಭಾನುವಾರ ತಡೆಯಲಾರದೆ ಕಿಟಕಿಯಿಂದ ಕೇಳಿದ: “ಹಾಡು ಕೇಳಾಕ ಸಂಘ ಯಾಕ ಬೇಕವ್ವಾ?”

“ಒಬ್ರ ಕುಂತು ತಲಿ ಅಲ್ಲಾಡ್ಸಿದ್ರ ಅದು ಅಭಿಮಾನ ಅಲ್ರಿ, ತಲಿನೋವು,” ಅಂದಳು ಲಕ್ಷ್ಮಿದೇವಿ. “ಸಂಜಿಯೊಳಗ ನಿಮ್ ಹಾಡುಗಾರಗ ಈ ಓಣ್ಯಾಗ ಒಬ್ಬ ಅಭಿಮಾನಿನ್ನ ಹುಡುಕ್ರಿ. ಕೊರಿಯಾದೋರ ಹೆಸರು ಕೂಗಾದು ಬಿಟ್ಟಬಿಡ್ತೀವಿ.”

ಪಂದ್ಯ ಸೋತರೆ ಅವನು ಕೂದಲು ಕತ್ತರಿಸಿಕೊಳ್ಳಬೇಕು. ಇದನ್ನು ಕೇಳಿಸಿಕೊಂಡ ಅವನ ತಾಯಿ ಬಸಲಿಂಗಮ್ಮ ಒಳಗೆ ಕತ್ತರಿ ಹುಡುಕತೊಡಗಿದಳು.

ಕ್ರಾಂತಿ ಮೊದಲು ಎದುರುಮನೆಯ ನಿವೃತ್ತ ಪೋಸ್ಟ್‌ಮನ್ ಓಬಳೇಶಪ್ಪನ ಕಿವಿಗೆ ಹೆಡ್‌ಫೋನ್ ಹಾಕಿದ. ಅವನು ಕಣ್ಣು ಮುಚ್ಚಿ ಕೇಳಿ, ಎಲ್ಲೋ ಗಿರಣಿಯ ಬೆಲ್ಟು ಹರಿದಿದೆ ಎಂದ. ಮೂಲೆಮನೆಯ ಹುಲುಗಮ್ಮ, ಹಾಡುವವನಿಗೆ ಹೊಟ್ಟೆನೋವೇ ಎಂದು ಮರುಗಿದಳು. ಕೊನೆಗೆ ಕ್ರಾಂತಿ ಕಟ್ಟೆಯ ಮೇಲೆ ಟೇಪು ಹಚ್ಚಿ, ಕೇಳುವ ರೀತಿ ಹೇಗೆಂದು ತಾನೇ ತಲೆ ಕೊಡವಿ ತೋರಿಸಿದ. ಕೂದಲು ಬಟ್ಟೆ ಒಣಹಾಕಿದ ಹಗ್ಗಕ್ಕೆ ಸುತ್ತಿಕೊಂಡು, ಓಬಳೇಶಪ್ಪನ ಒದ್ದೆ ಧೋತರ ಸಮೇತ ಹಗ್ಗ ಅವನ ಮೇಲೆಯೇ ಬಿತ್ತು. ಬಿಡಿಸಲು ಬಸಲಿಂಗಮ್ಮ ಕತ್ತರಿ ಹಿಡಿದೇ ಬಂದಳು. ಅವನು ಧೋತರ ಹೊದ್ದುಕೊಂಡೇ ಓಡಿದ.

ಓಡುವಾಗ ಒಂದು ಸಂಗತಿ ನೆನಪಾಯಿತು. ಹೋದ ತಿಂಗಳು ಲಕ್ಷ್ಮಿದೇವಿಯ ಗುಂಪು ಕೊರಿಯಾ ಹುಡುಗನೊಬ್ಬನ ಹುಟ್ಟುಹಬ್ಬಕ್ಕೆ ಓಣಿಗೆಲ್ಲ ಅವಲಕ್ಕಿ ಹಂಚಿತ್ತು, ಮುಖ ನೋಡದವರೂ ಅವನನ್ನು ಹರಸಿದ್ದರು. ಕ್ರಾಂತಿ ನೇರ ಮಿರ್ಚಿ ಅಂಗಡಿಗೆ ಹೋದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೊತ್ತು ತಂದು, ಇವತ್ತು ತನ್ನ ಗಾಯಕನ ಹುಟ್ಟುಹಬ್ಬ ಎಂದು ಸಾರಿದ.

ಓಣಿಗೆ ಓಣಿಯೇ ಬಂತು. ಓಬಳೇಶಪ್ಪ ಧೋತರದ ಸಿಟ್ಟು ಮರೆತು, ತಾನು ಆ ಹಾಡುಗಾರನ ಅಭಿಮಾನಿ ಎಂದು ಬಾಯ್ತುಂಬ ಮೆಣಸಿನಕಾಯಿ ಇಟ್ಟುಕೊಂಡೇ ಘೋಷಿಸಿದ. ಲಕ್ಷ್ಮಿದೇವಿ ಸೋಲೊಪ್ಪಿ ಟಾರ್ಚು ಆರಿಸಿದಳು.

ಕ್ರಾಂತಿಗೆ ಕುಣಿಯುವಷ್ಟು ಖುಷಿಯಾಯಿತು. ಒಳಗೆ ಹೋಗಿ ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿ, ಇನ್ನೇನು ತಲೆ ಕೊಡವಬೇಕು, ಆಗ ಕಿಟಕಿಯ ಗಾಜು ನಡುಗಿತು. ಹೊರಗೆ ಓಣಿಯ ಜನವೆಲ್ಲ ಸಾಲಾಗಿ ನಿಂತು, ಹಳದಿ ಟಾರ್ಚು ಬೀಸುತ್ತ, “ಕ್ರಾಂತಿ, ಕುಮಾರ, ಮೆಣಸಿನಕಾಯಿ ಧೀರ” ಎಂದು ಸರದಿ ತಪ್ಪದೆ ಕೂಗುತ್ತಿದ್ದರು. ಲಕ್ಷ್ಮಿದೇವಿ ಮುಂದೆ ನಿಂತು ತಾಳ ಹಾಕುತ್ತಿದ್ದಳು.

“ಕೊರಿಯಾದೋರ ಹೆಸರು ಬಿಟ್ಟೀವ್ರಿ, ಮಾತಂದ್ರ ಮಾತು,” ಅಂದಳು. “ಇದು ನಿಮ್ಮ ಅಭಿಮಾನಿ ಸಂಘ. ಇನ್ನ ದಿನಾ ಸಂಜಿಕ ಪ್ರಾಕ್ಟೀಸು.”

ಸಂಘದ ಅಧ್ಯಕ್ಷ ಓಬಳೇಶಪ್ಪ ಮುಂದೆ ಬಂದ. “ನಾಳಿ ನಿನ್ನ ಫ್ಲೆಕ್ಸ್ ಹಾಕ್ಸಾದೈತಿ, ಫೋಟೋ ಬೇಕು. ಆ ಕೂದಲಾಗ ಮಾರಿನ ಕಾಣವಲ್ದು ನೋಡಪಾ.”

ಅಭಿಮಾನಿಗಳು ದಾರಿ ಬಿಟ್ಟರು. ಬಸಲಿಂಗಮ್ಮ ಕತ್ತರಿ ಹಿಡಿದು ಒಳಗೆ ಬಂದಳು.