ಕಾಕಾ ಪೈಪು ಆರಿಸಿದ್ದು

ನಮ್ಮ ಕಾಕಾ ರಾಣೆಬೆನ್ನೂರಿನಲ್ಲಿ ಬಸ್ಸಿನಿಂದ ಇಳಿದರೆಂದರೆ ಪೈಪು ಮಾರುವ ಅಂಗಡಿಯವರೆಲ್ಲ ಊಟಕ್ಕೆ ಎದ್ದುಬಿಡುತ್ತಾರೆ, ಬೆಳಗಿನ ಹತ್ತು ಗಂಟೆಯಾಗಿದ್ದರೂ! ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಒಬ್ಬರು ಗಡಬಡಿಸಿ ಅರ್ಧ ಶಟರ್ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅರ್ಧ ಶಟರಿನ ಕೆಳಗೆ ಬಗ್ಗಿ ಕಾಕಾ ಒಳಗೆ ಹೋದದ್ದನ್ನೂ ಕಂಡಿದ್ದೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿದವರು. ವಯಸ್ಸಾಯಿತೆಂದು ಅಂಗಡಿಯನ್ನು ಪಾಲುದಾರರಿಗೆ ಬಿಟ್ಟುಕೊಟ್ಟರು. ಆದರೆ ಮನೆಯಲ್ಲಿ ಸುಮ್ಮನೆ ಕೂರುವುದು ಆ ಜೀವಕ್ಕೆ ಗೊತ್ತಿಲ್ಲ. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾವುದೋ ದೇಶದ ಗಂಡ ಹೆಂಡತಿ ಗಾಡಿಯೊಳಗೇ ಮನೆ ಮಾಡಿಕೊಂಡು, ಅದರಲ್ಲೇ ಉಂಡು, ಅದರಲ್ಲೇ ಮಲಗಿ ಊರೂರು ತಿರುಗುತ್ತಿದ್ದರು. ಮುಗಿಯಿತಲ್ಲ! ವಾರ ಕಳೆಯುವುದರೊಳಗೆ ಒಂದು ಹಳೆಯ ಟೆಂಪೊ ಕೊಂಡು ರಾಣೆಬೆನ್ನೂರಿನ ಗ್ಯಾರೇಜಿನ ಸಾಹೇಬರ ಕೈಗೆ ಒಪ್ಪಿಸಿದರು. ಅದರೊಳಗೆ ಮಂಚ ಬಂತು, ಒಲೆ ಬಂತು, ಮಂಚದ ಕೆಳಗೆ ನೀರಿನ ಟ್ಯಾಂಕು ಬಂತು. ಕಾಕಾನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿಯೂ ಮನೆಮನೆಗೆ ಬಂತು.

ತಲೆ ಕೆಟ್ಟಿರಲಿಲ್ಲ. ಕಾರಣ ನಮ್ಮ ಕಾಕು, ಕಾಕಾನ ಹೆಂಡತಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಗೋಕರ್ಣಕ್ಕೆ, ಸಮುದ್ರ ನೋಡಲು ಹೊರಟಿದ್ದರಂತೆ. ದಾರಿಯ ಯಾವುದೋ ಹೋಟೆಲಿನ ನೀರು ಕುಡಿದು ಕಾಕುವಿಗೆ ವಾಂತಿಭೇದಿ ಹತ್ತಿ, ಶಿರಸಿಯಿಂದಲೇ ಹೊತ್ತು ತರಬೇಕಾಯಿತಂತೆ. ಅಂದಿನಿಂದ ಕಾಕು ಹೊರಗಿನ ನೀರು ಮುಟ್ಟಿದವರಲ್ಲ. ಮದುವೆಮನೆಗೆ ಹೋದರೂ ಬಾಯಿ ಒಣಗಿಸಿಕೊಂಡು, ತಲೆನೋವು ತಂದುಕೊಂಡು ಬರುವವರು. ಸಮುದ್ರ ಅಲ್ಲೇ ಉಳಿಯಿತು. ಕಾಕುವಿಗೆ ಅದೊಂದೇ ಆಸೆ. ಗಾಡಿಮನೆಯಲ್ಲಿ ಚೊಕ್ಕ ನೀರು ಕುಡಿಸುತ್ತ ಕಾಕುವನ್ನು ಸಮುದ್ರಕ್ಕೆ ಕರೆದೊಯ್ಯಬೇಕು ಎಂಬುದು ಕಾಕಾನ ಹಟ.

"ಎರಡು ಕ್ಯಾನ್ ಮನೀ ನೀರು ಇಟ್ಕೊಂಡು ಬಸ್ಸಿಗೆ ಹೋಗಿ ಬರೂಣಲ್ರಿ," ಎಂದು ಕಾಕು ಹೇಳಿ ನೋಡಿದರು.

"ಅಷ್ಟು ದೂರ ಹೋಗಿ ಮುಖಾ ತೋರಿಸಿ ಬರೂದೇನ? ಎಂಟ್ ದಿನಾ ಇರೂಣು. ದಂಡಿ ಮ್ಯಾಲ ಗಾಡಿ ನಿಲ್ಲಸ್ತೇನಿ, ಮಂಚದ ಮ್ಯಾಲ ಕುಂತು ಸಮುದ್ರ ನೋಡು!"

ಎಂಟು ದಿನ ಇರಬೇಕೆಂದರೆ ದಾರಿಯ ನಳದಿಂದ ಟ್ಯಾಂಕು ತುಂಬಿಸಿಕೊಳ್ಳಬೇಕು. ನಳಕ್ಕೂ ಟ್ಯಾಂಕಿಗೂ ನಡುವೆ ಪೈಪು ಬೇಕು. ಗ್ಯಾರೇಜಿನ ಸಾಹೇಬರು ಗಾಡಿ ಕೊಡುವಾಗ ಒಂದು ಮಾತು ಅಂದರು: "ಫಿಲ್ಟರ್ ಕೂಡಿಸೇನಿ, ಎಲ್ಲಾ ಬರೋಬರಿ ಐತಿ. ಪೈಪ್ ಮಾತ್ರ ನೋಡಿ ತಗೋರಿ. ಹೊಲದ ಪೈಪ್ ಹಚ್ಚಬ್ಯಾಡ್ರಿ, ಬಿಸಲಾಗ ಕಾದ್ರ ನೀರಿಗೆ ಏನೇನರ ಬಿಡ್ತಾವು." ಆ ಪುಣ್ಯಾತ್ಮರು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು!

ಮೊದಲ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ.

"ಹೊಲಕ್ಕೇನ್ರೀ ಯಜಮಾನ್ರ?"

"ಅಲ್ರಿ, ಕುಡ್ಯಾಕ."

"ದನಕ್ಕೇನ್ರಿ?"

"ನನ್ನ ಹೆಂಡ್ತಿಗ್ರಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ.

ಕಾಕಾನ ಮೂಗಿನ ಬಗ್ಗೆ ಇಲ್ಲಿ ಹೇಳಲೇಬೇಕು. ಚೀಲದ ನಡುವಿನಿಂದ ಒಂದು ಹಿಡಿ ಮೆಣಸಿನಕಾಯಿ ಎಳೆದು, ಒಂದನ್ನು ಮುರಿದು ನೋಡಿ, ಮೂಸಿ, ಇದು ಮಂಜಿಗೆ ತೊಯ್ದ ಮಾಲು, ಇದು ಹೋದ ವರ್ಷದ ಮಾಲು ಎಂದು ನಿಂತಲ್ಲೇ ಹೇಳುವವರು ಅವರು. ಅದೇ ಪದ್ಧತಿಯನ್ನು ಪೈಪಿಗೂ ಹಚ್ಚಿದರು. "ತುದೀದು ತೋರಿಸಬ್ಯಾಡ್ರಿ. ಸುರುಳಿ ನಡುವಿಂದ ಒಂದು ಗೇಣು ಕೊಯ್ದು ಕೊಡ್ರಿ, ಸ್ಯಾಂಪಲ್."

"ನಡುವ ಕೊಯ್ದ್ರ ಉಳದದ್ದು ಯಾರ್ ತಗೋತಾರ್ರಿ?"

"ಮಾಲು ಪಾಸಾದ್ರ ನಾನ ತಗೋತೇನಿ."

"ಆಗದಿದ್ರ?"

"ನಪಾಸಾದ ಮಾಲು ನೀವು ಹೆಂಗ ಮಾರ್ತೀರಿ, ಮಂದಿಗೆ?"

ಈಗ ಹೇಳಿ, ಶಟರ್ ಇಳಿಸಿದವರದು ತಪ್ಪೇ?

ಹೇಗೋ ಕಾಡಿಬೇಡಿ ತಂದ ತುಂಡುಗಳೆಲ್ಲ ಬ್ಯಾಡಗಿಯ ಮನೆಯ ಮಾಳಿಗೆಯ ಮೇಲೆ, ಒಂದೊಂದು ಗಾಜಿನ ಬಾಟಲಿಯ ನೀರಿನಲ್ಲಿ ಮುಳುಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಸಂಜೆ ಕಾಕು ರುಚಿ ಹೇಳಬೇಕು. ಕಾಕು ಮೇಡ್ಲೇರಿಯವರು, ತುಂಗಭದ್ರೆಯ ನೀರು ಕುಡಿದು ಬೆಳೆದ ನಾಲಗೆ. "ನುಂಗಬ್ಯಾಡ ಮತ್ತ, ಬಾಯಾಗ ಆಡಿಸಿ ಉಗುಳು," ಎಂದು ಕಾಕಾ ತಂಬಿಗೆ ಹಿಡಿದು ನಿಲ್ಲುವರು.

"ಇದು ಹೊಸಾ ಚಪ್ಪಲ."

"ಮುಂದಿಂದು?"

"ಮಳೀಗೆ ತೊಯ್ದ ಛತ್ರಿ."

"ಇದು?"

"ನಿಮ್ಮಣ್ಣನ ಸ್ಕೂಟರಿನ ಸೀಟು."

ನನ್ನ ಅಪ್ಪನ ಸ್ಕೂಟರ್ ಸೀಟಿನ ರುಚಿ ಇವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲು ಹೋಗಲಿಲ್ಲ. ಒಂದು ಸಂಜೆ ಕಾಕು ಕಣ್ಣರಳಿಸಿ "ಇದು ಭಾಳ ಚಲೋ ಐತ್ರಿ!" ಎಂದರು. ಕಾಕಾ ಹಿಗ್ಗಿ ಬಾಟಲಿ ಎತ್ತಿ ನೋಡಿದರು. ಅದರಲ್ಲಿ ಪೈಪೇ ಹಾಕಿರಲಿಲ್ಲ!

ಕೊನೆಗೂ ಒಂದು ಪೈಪು ಪಾಸಾಯಿತು. ಹುಬ್ಬಳ್ಳಿಯಿಂದ ತರಿಸಿದ್ದು. ಬಿಳಿಯದು, ನೀಲಿ ಗೆರೆಯದು, ಕುಡಿಯುವ ನೀರಿಗೆ ಯೋಗ್ಯ ಎಂದು ಮೈಮೇಲೆ ಬರೆಸಿಕೊಂಡದ್ದು. ಅದನ್ನು ಮಡಚಿ ನೋಡಿದರು, ನುಲಿಯಲಿಲ್ಲ. ಅದರ ಮೇಲೆ ಟೆಂಪೊ ಹಾಯಿಸಿದರು, ಒಡೆಯಲಿಲ್ಲ. ತುದಿಯ ಹಿತ್ತಾಳೆಯಲ್ಲಿ ಸೀಸ ಬೆರೆತಿರಬಹುದೆಂದು ಯಾರೋ ಅಂದದ್ದಕ್ಕೆ ಪತ್ತಾರರ ಅಂಗಡಿಗೆ ಒಯ್ದರು. ಬಂಗಾರ ತೂಗುತ್ತಿದ್ದ ಪತ್ತಾರರು ಕೈ ಮುಗಿದು ಕಳಿಸಿದರು. ಕಾಕಾ ತಾವೇ ಅನುಮಾನಪಟ್ಟು ಹಿತ್ತಾಳೆ ತೆಗೆಸಿ ಸ್ಟೀಲಿನದು ಹಾಕಿಸಿದರು. ಸರಿ, ಸಮುದ್ರಕ್ಕೆ ಹೊರಡುವ ಮುಂಚೆ ಒಂದು ಪರೀಕ್ಷೆಯಾಗಲಿ ಎಂದು ಕಾಕುವಿನ ತವರು ಮೇಡ್ಲೇರಿಗೆ ಹೋದೆವು.

ಅಲ್ಲಿ ನಳಕ್ಕೆ ಪೈಪು ಹಚ್ಚಿ ಟ್ಯಾಂಕು ತುಂಬಿಸಿದ್ದಾಯಿತು. ಕಾಕು ಗಾಡಿಯ ಒಲೆಯ ಮೇಲೆ ಚಹಾ ಮಾಡಿದರು. ತವರಿನವರೆಲ್ಲ ಸುತ್ತ ನಿಂತು ಒಂದೊಂದು ಗುಟುಕು ಕುಡಿದರು. ಮೊದಲು ಒಬ್ಬರು ಕೆಮ್ಮಿದರು. ಆಮೇಲೆ ಎಲ್ಲರೂ. ಗಾಡಿಯ ನಳದಲ್ಲಿ ಮುಖ ತೊಳೆಯಲು ಹೋಗಿದ್ದ ನಾನು ಕಣ್ಣು ಹಿಡಿದುಕೊಂಡು ಕುಣಿಯುತ್ತಿದ್ದೆ.

"ಮಾವ, ಇದು ಚಾ ಏನ್ರಿ, ಸಾರೇನ್ರಿ?" ಎಂದರು ಕಾಕುವಿನ ತಮ್ಮ.

ಆದದ್ದಿಷ್ಟು. ಕಾಕಾ ಆ ಪೈಪನ್ನು ಜೋಪಾನ ಮಾಡಿದ್ದು ಮೆಣಸಿನಕಾಯಿಯ ಖಾಲಿ ಚೀಲದಲ್ಲಿ. ಬ್ಯಾಡಗಿಯ ದಲಾಲರಿಗೆ ಅದಕ್ಕಿಂತ ಪವಿತ್ರವಾದ ಜಾಗ ಇನ್ನೊಂದಿದೆಯೇ? ತುದಿಗಳಿಗೆ ಅಂಗಡಿಯವರು ಮುಚ್ಚಳ ಕೊಟ್ಟಿದ್ದರು. ಅವನ್ನೂ ಹಾಕಿರಲಿಲ್ಲ. ಗಾಳಿ ಆಡದಿದ್ದರೆ ಮಾಲು ಬೂಸು ಹಿಡಿಯುತ್ತದಲ್ಲ! ಪೈಪಿನ ತುಂಬ ಖಾರದ ಪುಡಿ ಕೂತಿತ್ತು. ಊರ ಪ್ಲಾಸ್ಟಿಕ್ಕನ್ನೆಲ್ಲ ಹಿಡಿದ ಮೂಗಿಗೆ ಮೆಣಸಿನಕಾಯಿಯ ಘಾಟು ಮಾತ್ರ ಹತ್ತಿರಲಿಲ್ಲ.

"ಅವರಿಗೆ ಆ ವಾಸನಿ ತಿಳಿಯಂಗಿಲ್ಲ ಬಿಡು," ಎಂದು ಕಾಕು ತಮ್ಮನಿಗೆ ನಗುತ್ತಲೇ ಹೇಳಿದರು. "ನಾ ಆ ಮನಿಗೆ ಹೋದಾಗಿಂದ ಅರಿವ್ಯಾಗ, ಹಾಸಿಗ್ಯಾಗ, ಕುಡ್ಯೂ ನೀರಾಗ, ಎಲ್ಲಾ ಕಡೆ ಅದ ಐತಿ."

ಕಾಕಾ ತಿರುಗಿ ನೋಡಿದರು. "ಒಂದಿನಾನೂ ಅನ್ನಲಿಲ್ಲಲ್ಲ ನೀ?"

"ಅಂದಿದ್ರ ಅಂಗಡಿ ಮುಚ್ಚತಿದ್ರೇನ್ರಿ?"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವತ್ತು ಅವರೂ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಏಕೆಂದರೆ ಆಮೇಲೆ ಅವರ ಹಟ ಎರಡರಷ್ಟಾಯಿತು. ಗಾಡಿಯೊಳಗಿನ ಸಾಮಾನೆಲ್ಲ ಬಿಚ್ಚಿ ತೊಳೆಸಿದರು. ಹಾಸಿಗೆ ಹೊಸದು, ಬಣ್ಣ ಹೊಸದು. ಬಣ್ಣದ ವಾಸನೆ ಹೋಗಲೆಂದು ಒಂದು ಬೇಸಿಗೆ ಕಾದರು. ಪೈಪು ಮತ್ತೆ ಮೊದಲಿನಿಂದ! ಮತ್ತೆ ರಾಣೆಬೆನ್ನೂರು, ಮತ್ತೆ ಗೇಣುದ್ದದ ತುಂಡುಗಳು, ಮತ್ತೆ ಮಾಳಿಗೆ. ಕಾಕು ಬಾಯಾಡಿಸಿ ಉಗುಳುತ್ತ, "ದೀಪಾವಳಿ ಮುಂದ ಹೋಗೂಣ ಅಂದಿದ್ರಿ," ಎನ್ನುವರು. "ಇದೊಂದು ಸರಿ ಆಗಲಿ," ಎನ್ನುವರು ಕಾಕಾ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಎದುರು ಬರುವ ಸಮುದ್ರ, ನಮ್ಮ ಕಾಕುವಿಗೆ ದೀಪಾವಳಿಯಿಂದ ದೀಪಾವಳಿಗೆ ದೂರ ಸರಿಯುತ್ತ ಹೋಯಿತು.

ಹೊಸ ಪೈಪು ಪಾಸಾದ ವರ್ಷವೇ ಕಾಕುವಿನ ಕಾಲು ಊದಿಕೊಳ್ಳತೊಡಗಿದವು. ಕಿಡ್ನಿ ಎಂದರು. ಹಾವೇರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ದೂರದ ಪ್ರಯಾಣ ಬೇಡ, ನೀರು ಅಳತೆಯ ಪ್ರಕಾರ ಎಂದರು. ದಿನಕ್ಕೆ ಇಷ್ಟೇ, ಹನಿ ಹೆಚ್ಚಾಗುವಂತಿಲ್ಲ. ಹೆಂಡತಿಗೆ ಒಳ್ಳೆಯ ನೀರು ಕುಡಿಸಲೆಂದು ಇಷ್ಟು ವರ್ಷ ಒದ್ದಾಡಿದ ಮನುಷ್ಯನಿಗೆ ಹೇಳುವ ಮಾತೇ ಇದು?

ಈಗ ಆ ಗಾಡಿಮನೆ ಬ್ಯಾಡಗಿಯಿಂದ ಹಾವೇರಿಗೆ, ಹಾವೇರಿಯಿಂದ ಬ್ಯಾಡಗಿಗೆ ಓಡಾಡುತ್ತದೆ. ಆಸ್ಪತ್ರೆಯ ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ನನ್ನ ಮನೆ ಅಲ್ಲೇ ಹತ್ತಿರ, ಮಧ್ಯಾಹ್ನ ಊಟ ಒಯ್ಯುತ್ತೇನೆ. ಹೋದ ವಾರ ಒಯ್ದಾಗ ಕಾಕು ಡಯಾಲಿಸಿಸ್ ಮುಗಿಸಿ ಗಾಡಿಯ ಮಂಚದ ಮೇಲೆ ಒರಗಿದ್ದರು. ಕಾಕಾ ಟ್ಯಾಂಕಿನ ನೀರನ್ನು ಒಂದು ಪುಟ್ಟ ಲೋಟಕ್ಕೆ ಅಳೆದು ಹಾಕಿ ಅವರ ಕೈಗೆ ಕೊಟ್ಟು, ಬಾಗಿಲ ಮೆಟ್ಟಿಲ ಮೇಲೆ ಕುಳಿತರು.

"ಬಸ್ಸಿಗೇ ಹೋಗಿ ಬಂದಬಿಡಬೇಕಿತ್ತು," ಎಂದರು ರಸ್ತೆ ನೋಡುತ್ತ. "ನಾನ ಪೈಪು ಪೈಪು ಅಂತ ಕುಂತೆ."

ಕಾಕು ಒಂದು ಗುಟುಕು ಕುಡಿದು, ಎಳೆಯ ಹುಡುಗಿಯ ಹಾಗೆ ನಕ್ಕರು. "ಸಮುದ್ರದ ನೀರು ಯಾರು ಕುಡೀತಾರ್ರಿ? ನಾವು ನೋಡಾಕಷ್ಟ ಹೋಗೂದಿತ್ತಲ್ಲ!"

ಕಾಕಾ ತಿರುಗಲಿಲ್ಲ. ಅವರ ಭುಜ ಅಲುಗುತ್ತಿದ್ದವು.

ಕಾಕು ಕೈ ಚಾಚಿ ಆ ಭುಜ ಮುಟ್ಟಿ ಲೋಟ ಮುಂದೆ ಹಿಡಿದರು. "ನೀವೂ ಮುಂಜಾನಿಂದ ಕುಡದಿಲ್ಲ, ನನಗ ಗೊತ್ತೈತಿ. ನಾ ಕುಡ್ಯಾಂಗಿಲ್ಲಂತ ನೀವೂ ಕುಡ್ಯೂದು ಬಿಟ್ರ ಹೆಂಗ್ರಿ? ತಗೋರಿ."

"ಅದು ನಿನ್ನ ಪಾಲಿಂದು."

"ಇಬ್ಬರ ಪಾಲಿಂದೂ ಐತಿ. ತಗೋರಿ ಅಂದ್ರ."

ಕಾಕಾ ಒಂದು ಗುಟುಕು ಕುಡಿದು ಲೋಟ ಹಿಂದಕ್ಕೆ ಕೊಟ್ಟರು. ಕಾಕು ಒಂದು ಗುಟುಕು ಕುಡಿದು ಮತ್ತೆ ಅವರ ಕೈಗಿಟ್ಟರು. ಅಷ್ಟು ಸಣ್ಣ ಲೋಟದ ನೀರು ಮುಗಿಯಲು ಎಷ್ಟು ಹೊತ್ತು ಹಿಡಿಯಿತೋ, ನಾನು ಊಟದ ಡಬ್ಬಿ ಹಿಡಿದು ಹೊರಗೇ ನಿಂತಿದ್ದೆ.