ಹಿಂದಿನ ಕೋಣೆಯ ತಪಾಸಣೆ

ಮನೆ ಕೊಳ್ಳುವವರು ಕೊಳ್ಳುವ ಮುನ್ನ ಅದನ್ನು ಮಾನ್ಯತೆ ಪಡೆದ ತಪಾಸಕರಿಂದ ಪರೀಕ್ಷೆ ಮಾಡಿಸತಕ್ಕದ್ದು ಎಂಬ ನಿಯಮ ಬಹಳ ವಿವೇಕದ್ದು. ಮಾರಾಟಕ್ಕಿರುವ ಮನೆ ನೋಡಲು ಥೇಟು ಮನೆಯಂತೆಯೇ ಇರುತ್ತದೆ. ಮೋಸ ಶುರುವಾಗುವುದೇ ಅಲ್ಲಿಂದ. ಈ ನಿಯಮದಿಂದ ನಮ್ಮ ಅಕ್ಕ ಭಾವನವರಿಗೆ ಆದ ಅನುಕೂಲವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಅವಳದು ಕಾಯಂ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಅವಳು ದಿಂಬಿಗೆ ತಲೆ ಕೊಡುವುದಕ್ಕೂ, ಕೆಳಗಿನ ಗ್ಯಾರೇಜಿನವನು ಯಾವುದೋ ಕಾರಿನ ಡೆಂಟು ತೆಗೆಯಲು ಸುತ್ತಿಗೆ ಎತ್ತುವುದಕ್ಕೂ ಸರಿಹೋಗುತ್ತದೆ. ಮದುವೆಯಾಗಿ ಆ ಬಾಡಿಗೆ ಮನೆಗೆ ಬಂದಾಗಿನಿಂದ ಅವಳು ನೆಟ್ಟಗೆ ನಿದ್ದೆ ಮಾಡಿದವಳಲ್ಲ. ಅವಳ ಕಣ್ಣು ಸದಾ ಕೆಂಪಗಿರುತ್ತಿತ್ತು. ಅವರದೇ ಹಜಾರದಲ್ಲಿ ಮಲಗುವ ನನಗೆ ಮಾತ್ರ ಗ್ಯಾರೇಜಿನ ತೊಂದರೆಯಿಲ್ಲ; ಕೆಲಸ ಹುಡುಕುತ್ತಿರುವವನಾದ್ದರಿಂದ ರಾತ್ರಿ ಮಲಗಲು ನನಗೆ ಬಿಡುವಿದೆ.

ಕೊನೆಗೊಂದು ಮನೆ ಸಿಕ್ಕಿತು. ಸಾಧಾರಣ ಮನೆ, ಆದರೆ ಹಿಂದುಗಡೆ ಒಂದು ಕೋಣೆ. ಅದಕ್ಕೆ ಬೀದಿಯ ಕಡೆ ಕಿಟಕಿಯಿಲ್ಲ, ಅಕ್ಕಪಕ್ಕ ಗೋಡೆಯೇ ಗೋಡೆ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತಾದರೂ ಹೊರಗೆ ಬರದಿದ್ದಾಗ ಭಾವ ಬಾಗಿಲು ಬಡಿದರು.

"ರೀ, ಇಲ್ಲಿ ಏನೂ ಕೇಳಿಸಲ್ಲ," ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. "ಇದನ್ನೇ ತಗೊಳ್ಳೋಣ."

ಭಾವ ಅಂಚೆ ಕಚೇರಿಯಲ್ಲಿ ಮೊಹರು ಹಾಕುವ ವಿಭಾಗದವರು. ಮೊಹರಿಲ್ಲದ ಯಾವುದನ್ನೂ, ಹೆಂಡತಿಯ ಕಣ್ಣೀರನ್ನು ಕೂಡ, ಅವರು ತಟ್ಟನೆ ನಂಬುವವರಲ್ಲ. "ತಪಾಸಣೆ ಆಗ್ಲಿ," ಅಂದರು. ಗೃಹ ತಪಾಸಣಾ ಮಂಡಳಿಗೆ ಶುಲ್ಕ ಕಟ್ಟಿ ಬಂದರು.

ತಪಾಸಕರು ಹೇಳಿದ ದಿನವೇ ಬಂದರು. ಕೈಯಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ಒಂದು ರಸಮಟ್ಟ. ನಲ್ಲಿ ತಿರುಗಿಸಿದರು, ಗೋಡೆ ತಟ್ಟಿದರು, ಬಚ್ಚಲಿನ ತೂತಿಗೆ ಮೂಗಿಟ್ಟು ಗಂಭೀರವಾಗಿ ಗೋಣು ಆಡಿಸಿದರು. ಹಿಂದಿನ ಕೋಣೆಗೆ ಹೋದವರು ರಸಮಟ್ಟವನ್ನು ನೆಲದ ಮೇಲಿಟ್ಟು, ಅದರ ಗುಳ್ಳೆ ನಡುವಿಗೆ ಬಂತೇ ಎಂದು ನೋಡಲು ಪಕ್ಕದಲ್ಲೇ ಮಲಗಿದರು. ಎದ್ದಾಗ ಸಂಜೆಯಾಗಿತ್ತು.

"ಹೇಗಿದೆ ಸಾರ್?" ಎಂದರು ಭಾವ.

"ನೆಲ ಮಟ್ಟವಾಗಿದೆ. ಆದ್ರೆ ಮೌನ ಇದೆಯಲ್ಲ, ಅದರ ಬಗ್ಗೆ ಒಂದು ಮಧ್ಯಾಹ್ನದ ನಿದ್ದೆಯಿಂದ ಏನೂ ಹೇಳೋಕಾಗಲ್ಲ. ಬೇಸಿಗೆಯ ಮೌನ ಬೇರೆ, ಚಳಿಗಾಲದ ಮೌನ ಬೇರೆ. ನಾಳೆ ನೀವು ಬಂದು ಸದ್ದು ಕೇಳಿಸ್ತು ಅಂದ್ರೆ ನನ್ನ ಹೆಸರು ಕೆಡುತ್ತೆ."

ಮಂಡಳಿಯ ನಿಯಮಾವಳಿಯಲ್ಲಿ ಇದಕ್ಕೆ ವಾಸ ತಪಾಸಣೆ ಎಂದು ಹೆಸರು. ಮನೆಯ ದೋಷಗಳು ನೋಡುವವರಿಗೆ ಕಾಣದೆ, ವಾಸವಿರುವವರಿಗಷ್ಟೇ ಕಾಣುವುದರಿಂದ, ತಪಾಸಕರು ದೋಷ ಸಿಗುವವರೆಗೆ ಇರತಕ್ಕದ್ದು. ಮಾಲೀಕರು ಆಕ್ಷೇಪಿಸಲಿಲ್ಲ. ಅವರು ನಿವೃತ್ತ ಡ್ರಿಲ್ ಮಾಸ್ತರರು. ಗಟ್ಟಿಯಾಗಿ ಹೇಳಿದ್ದನ್ನು ಪಾಲಿಸಿ ಅಭ್ಯಾಸ. ಬೀಗದ ಕೈ ಕೊಟ್ಟು ಮಗಳ ಮನೆಗೆ ನಡೆದರು.

ಮರುದಿನ ಮಂಚ ಬಂತು. ಅದರ ಹಿಂದೆ ತಪಾಸಕರ ಹೆಂಡತಿ ಬಂದರು, ಅಡುಗೆಮನೆಯ ಹೊಗೆ ಎತ್ತ ಹೋಗುತ್ತದೆಂದು ನೋಡಲು. ಮೆಟ್ಟಿಲುಗಳ ಎತ್ತರ ಪರೀಕ್ಷಿಸಲು ಮಂಡಿನೋವಿರುವ ತಪಾಸಕರ ಅತ್ತೆ ಬಂದರು. ಬಾಗಿಲ ಬಳಿ ನಿಂತಿದ್ದ ನಮ್ಮನ್ನು ನೋಡಿ, "ಯಾರಪ್ಪಾ ನೀವು? ಚಪ್ಪಲಿ ಆಚೆ ಬಿಡಿ, ನೆಲ ಒರೆಸಿದೀವಿ," ಅಂದರು. ನಾವು ಬಿಟ್ಟೆವು.

ಆಮೇಲೆ ಭಾನುವಾರ ಬಂದರೆ ಸಾಕು, ಮೂವರೂ ಅಲ್ಲಿಗೆ ಹೋಗುತ್ತಿದ್ದೆವು. ಭಾವ ಕರೆಗಂಟೆ ಒತ್ತುತ್ತಿದ್ದರು. ಒಳಗಿನಿಂದ ಯಾರೂ ಬಾರದಿದ್ದರೆ ಕರೆಗಂಟೆಯ ತಪಾಸಣೆ ನಡೆಯುತ್ತಿದೆ ಎಂದು ತಿಳಿಯುತ್ತಿದ್ದೆವು. ಬಂದರೆ ಚಹಾ ಕೊಡುತ್ತಿದ್ದರು. ಅಕ್ಕ ಮಾತ್ರ ಚಹಾ ಮುಟ್ಟುತ್ತಿರಲಿಲ್ಲ. ಹಿಂದಿನ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದಳು. ಒಳಗೆ ತಪಾಸಕರು ಕರ್ತವ್ಯನಿರತರಾಗಿ ಗೊರಕೆ ಹೊಡೆಯುತ್ತಿದ್ದರು.

ಒಂದು ಭಾನುವಾರ ಅವಳ ತಾಳ್ಮೆ ಕೆಟ್ಟಿತು. ಅವರು ಕಣ್ಣುಜ್ಜುತ್ತಾ ಆಚೆ ಬರುವುದನ್ನೇ ಕಾದಿದ್ದು, "ಸಾರ್, ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತಾ ಇಲ್ವಾ? ಅಷ್ಟು ಹೇಳಿ," ಎಂದಳು.

"ಬರುತ್ತಮ್ಮ. ಕಣ್ಣು ಮುಚ್ಚೋದೊಂದೇ ಗೊತ್ತು."

"ಮತ್ತೆ ಬರೆದು ಕೊಡಿ."

"ಹೇಗಮ್ಮಾ ಬರೀಲಿ? ನಿದ್ದೇಲಿ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಸದ್ದಾಗಿದ್ರೂ ಆಗಿರಬಹುದು."

"ಹಾಗಾದ್ರೆ ಎದ್ದಿದ್ದು ನೋಡಿ."

"ನೋಡಿದೆ. ಆದ್ರೆ ಆ ಕೋಣೇಲಿ ಎದ್ದಿರೋಕೇ ಆಗಲ್ಲ," ಎಂದರು ತಪಾಸಕರು, ವೃತ್ತಿಯ ಸಂಕಟ ಯಾರಿಗೂ ಬೇಡ ಎಂಬ ಮುಖ ಮಾಡಿ.

ದಾರಿಯುದ್ದಕ್ಕೂ ಭಾವ ಅವರ ಪ್ರಾಮಾಣಿಕತೆಯನ್ನು ಹೊಗಳಿದರು. ಬೇರೆಯವರಾಗಿದ್ದರೆ ಅರ್ಧ ದಿನದಲ್ಲಿ ಕೈತೊಳೆದುಕೊಂಡು ಹೋಗಿಬಿಡುತ್ತಿದ್ದರಂತೆ. ಅಕ್ಕ ಬಸ್ಸಿನ ಕಂಬಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು, ಪ್ರತಿ ನಿಲ್ದಾಣದಲ್ಲೂ ಬೆಚ್ಚಿ ಎಚ್ಚರವಾಗುತ್ತಿದ್ದಳು. ನನಗೆ ಆ ತಪಾಸಕನ ಮಂಚವನ್ನು ಎತ್ತಿ ಬೀದಿಗೆ ಬಿಸಾಡುವಷ್ಟು ಸಿಟ್ಟು ಬಂತು. ಆದರೆ ಮಂಚದ ಮೇಲೂ ಮಂಡಳಿಯ ಮೊಹರಿತ್ತು.

ಅಂತೂ ವರದಿ ಬಂತು. ಅದರ ಸಾರಾಂಶ ಹೀಗಿತ್ತು: "ಗೋಡೆ, ಸೂರು, ನಲ್ಲಿ, ಮೆಟ್ಟಿಲು ಉತ್ತಮ. ಹಿಂದಿನ ಕೋಣೆ ಅತ್ಯುತ್ತಮ. ಆದರೆ ಪ್ರತಿ ಭಾನುವಾರ ಅಪರಿಚಿತರು ಕೆಲವರು ಕರೆಗಂಟೆ ಒತ್ತಿ ಒಳಬಂದು, ಹಿಂದಿನ ಕೋಣೆಯ ಬಾಗಿಲನ್ನು ದುರುಗುಟ್ಟಿ ನೋಡುವ ಉಪದ್ರವವಿದೆ. ಅವರ ಪೈಕಿ ಹೆಂಗಸಿನ ಕಣ್ಣು ಸದಾ ಕೆಂಪಗಿರುತ್ತದೆ. ಈ ದೋಷ ನಿವಾರಣೆಯಾಗುವ ತನಕ ಮನೆ ಕೊಳ್ಳಲು ಯೋಗ್ಯವಲ್ಲ. ತಪಾಸಣೆ ಮುಂದುವರಿಯತಕ್ಕದ್ದು."

ಭಾವ ಬೆವರಿದರು. "ನೋಡಿದ್ಯಾ? ತಪಾಸಣೆ ಮಾಡಿಸದೇ ತಗೊಂಡಿದ್ರೆ ಏನು ಗತಿ? ಪ್ರತಿ ಭಾನುವಾರ ಇಂಥವರು ಬಂದು ಕೂತ್ರೆ ಮನುಷ್ಯ ಬಾಳೋದು ಹೇಗೆ?"

"ರೀ, ಅದು ನಾವೇ ಕಣ್ರೀ."

"ಯಾರಾದ್ರೇನು? ದೋಷ ದೋಷಾನೇ."

ನಿವಾರಣೆಯ ಮಾರ್ಗವೂ ನಿಯಮದಲ್ಲೇ ಇತ್ತು. ಉಪದ್ರವ ಕೊಡುವವರು ಇನ್ನು ಮುಂದೆ ಆ ಮನೆಯ ಕಡೆ ತಲೆ ಹಾಕುವುದಿಲ್ಲವೆಂದು ತಪಾಸಕರ ಎದುರಿನಲ್ಲಿ ಮುಚ್ಚಳಿಕೆಗೆ ಸಹಿ ಹಾಕಬೇಕು. ನಾವು ಮಂಡಳಿಯ ಕಚೇರಿಗೆ ಹೋದೆವು. ಗುಮಾಸ್ತರು ಸಾವಕಾಶವಾಗಿ ವಿವರಿಸಿದರು. "ತಪಾಸಣೆ ಮುಗಿಯೋವರೆಗೂ ಅವರು ಮನೆ ಬಿಟ್ಟು ಬರೋ ಹಾಗಿಲ್ಲ. ದೋಷ ಆದ್ದರಿಂದ ನೀವು ಮನೆಗೆ ಹೋಗೋ ಹಾಗಿಲ್ಲ. ಅವರ ಎದುರಿಗೇ ಸಹಿ ಆಗ್ಬೇಕು. ದಿನಾ ಬಂದು ವಿಚಾರಿಸ್ತಾ ಇರಿ."

"ದಿನಾ ಬಂದು ಏನ್ ಮಾಡ್ಬೇಕು?" ಎಂದಳು ಅಕ್ಕ.

ಗುಮಾಸ್ತರು ಬೆಂಚು ತೋರಿಸಿದರು. ಅದರ ಮೇಲೆ ಗೋಡೆಗೆ ಫಲಕ ತೂಗುಹಾಕಿತ್ತು: "ನಿಶ್ಶಬ್ದ. ಕೆಲಸ ನಡೆಯುತ್ತಿದೆ ಎಂದು ಭಾವಿಸತಕ್ಕದ್ದು."

ಅಕ್ಕ ಕೂತಳು. ಕಚೇರಿಯಲ್ಲಿ ಫೋನು ಬಡಿದುಕೊಳ್ಳಲಿಲ್ಲ, ಯಾರೂ ಕಾಗದ ಸರಬರ ಮಾಡಲಿಲ್ಲ. ಫ್ಯಾನು ಕೂಡ ಕೆಟ್ಟು ನಿಂತಿತ್ತು. ಭಾವ ಏನೋ ಕೇಳಲು ತಿರುಗಿ ನೋಡುವಷ್ಟರಲ್ಲಿ ಅವಳು ಬೆಂಚಿನ ಮೇಲೆ ಮಗ್ಗುಲಾಗಿ, ಅಂಗೈ ತಲೆಗಿಟ್ಟುಕೊಂಡು, ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಳು. ಎಷ್ಟೋ ವರ್ಷಗಳ ಮೇಲೆ ನನ್ನ ಅಕ್ಕನ ಹಣೆಯಲ್ಲಿ ಗಂಟಿರಲಿಲ್ಲ. ನನಗೆ ಅಳು ಬಂತು. ಗುಮಾಸ್ತರೂ ಎಬ್ಬಿಸಲಿಲ್ಲ, ಮಲಗಿದವರನ್ನು ಎಬ್ಬಿಸುವುದು ಆ ಕಚೇರಿಯ ಸಂಪ್ರದಾಯದಲ್ಲಿಲ್ಲ.

ಅಂದಿನಿಂದ ಅಕ್ಕ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ವಿಚಾರಿಸಲು ಹೋಗುತ್ತಾಳೆ. ಭಾವ ದಿಂಬಿಗೆ ಅನುಮತಿ ಪಡೆದು, ಅದರ ಮೇಲೆ ಮೊಹರು ಹಾಕಿಸಿಕೊಟ್ಟಿದ್ದಾರೆ. ಅಕ್ಕನ ಕಣ್ಣು ತಿಳಿಯಾಗಿದೆ, ಮೈ ತುಂಬಿಕೊಂಡಿದ್ದಾಳೆ. ಹಿಂದಿನ ಕೋಣೆಯಲ್ಲಿ ತಪಾಸಕರು ಸುಖವಾಗಿದ್ದಾರೆಂದು ಕೇಳಿದ್ದೇವೆ. ಡ್ರಿಲ್ ಮಾಸ್ತರರು ಮುಂದಿನ ಆಜ್ಞೆಗಾಗಿ ಮಗಳ ಮನೆಯಲ್ಲಿ ಕಾಯುತ್ತಿದ್ದಾರೆ.

ನಡುವೆ ಒಮ್ಮೆ ಮಾತ್ರ ಗಂಡಾಂತರ ಎದುರಾಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನೊಬ್ಬ ಅಕ್ಕನನ್ನು ತಟ್ಟಿ ಎಬ್ಬಿಸಿ, "ಮೇಡಂ, ಆ ತಪಾಸಕರನ್ನ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನಾಳೆ ನಿಮ್ಮ ಕೆಲಸ ಆಗ್ಬಿಡುತ್ತೆ," ಎಂದನಂತೆ.

ಅಕ್ಕ ಒಂದೇ ಕಣ್ಣು ತೆರೆದಳು. "ಏನಪ್ಪಾ ಅವಸರ? ನಾನೇನಾದ್ರೂ ತೊಂದರೆ ಕೊಟ್ನಾ?" ಎಂದು ಕೇಳಿ, ಮಗ್ಗುಲು ಬದಲಿಸುವ ಮೊದಲು ಆತನ ಮೇಲೆ ಮೌಖಿಕ ಆಕ್ಷೇಪಣೆ ಸಲ್ಲಿಸಿದಳು. ಹಿರಿಯ ಗುಮಾಸ್ತರು ಹುಡುಗನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು. ಈಗ ಅವನೂ ಮಲಗುತ್ತಾನೆ.

ಕಳೆದ ವಾರ ಬೆಂಚಿನ ಮೇಲೆ ಹೊಸ ಪ್ರಕಟಣೆ ಅಂಟಿಸಿದ್ದಾರೆ: "ಅರ್ಜಿದಾರರು ಗೊರಕೆ ಹೊಡೆಯಬಾರದು. ಸಿಬ್ಬಂದಿಗೆ ಎಚ್ಚರವಾಗುತ್ತದೆ." ನ್ಯಾಯವಾದ ಮಾತು. ಅಕ್ಕ ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ.